ನಾವಿದ್ದೇವೆ ಎನ್ನುವ ಮುನ್ನ

2024ರ ಏಪ್ರಿಲ್. ಲೋಕಸಭಾ ಚುನಾವಣೆಯ ಮತದಾನ ಇನ್ನೇನು ಬಂತು ಎನ್ನುವಾಗ ಹಾಸನದಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ದಾಟತೊಡಗಿದವು. ಅವುಗಳಲ್ಲಿದ್ದದ್ದು ಹೆಂಗಸರ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ವಿಡಿಯೊಗಳು. ಹಂಚಿದವರು ಆ ಹೆಂಗಸರ ಮುಖ ಮರೆಮಾಡುವ ಗೋಜಿಗೂ ಹೋಗಿರಲಿಲ್ಲ. ಪೆನ್‌ಡ್ರೈವಿನಿಂದ ಮೊಬೈಲಿಗೆ, ಮೊಬೈಲಿನಿಂದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಅವು ಹರಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ರಾಜ್ಯ ಮಹಿಳಾ ಆಯೋಗದ ಅಧ್ಯಕ್ಷೆ ಸರ್ಕಾರಕ್ಕೆ ಪತ್ರ ಬರೆದರು, ವಿಶೇಷ ತನಿಖಾ ತಂಡ ರಚನೆಯಾಯಿತು. ಮುಂದಿನ ವರ್ಷದ ಆಗಸ್ಟ್‌ನಲ್ಲಿ, ಆ ಸರಣಿಯ ಒಂದು ಪ್ರಕರಣದಲ್ಲಿ, ಅಲ್ಲಿನ ಮಾಜಿ ಸಂಸದನಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು.

ಸುದ್ದಿಯಾಗಿ ನಮಗೆಲ್ಲ ಇದು ಗೊತ್ತು. ಆದರೆ ಆ ಏಪ್ರಿಲ್‌ನ ಕೊನೆಯ ದಿನಗಳಲ್ಲಿ ತನಿಖಾಧಿಕಾರಿಗಳ ಮುಂದೆ, ಮಹಿಳಾ ಸಂಘಟನೆಗಳ ಮುಂದೆ, ಆಪ್ತಸಮಾಲೋಚಕಿಯರ ಮುಂದೆ ಬಂದು ನಿಂತ ಪ್ರಶ್ನೆಯ ಬಗ್ಗೆ ನಾವು ಅಷ್ಟಾಗಿ ಮಾತಾಡಲಿಲ್ಲ. ವಿಡಿಯೊದಲ್ಲಿ ಮುಖ ಕಾಣಿಸಿದ ಹೆಂಗಸು ದೂರು ಕೊಟ್ಟಿಲ್ಲ. ಅವಳ ಮನೆ ಬಾಗಿಲು ತಟ್ಟಬೇಕೆ? ತಟ್ಟದಿದ್ದರೆ ಪ್ರಕರಣಕ್ಕೆ ಬಲ ಬರುವುದಿಲ್ಲ. ತಟ್ಟಿದರೆ, ಪೊಲೀಸ್ ಜೀಪು ಆ ಬೀದಿಯಲ್ಲಿ ನಿಂತ ಗಳಿಗೆಯಿಂದಲೇ ಊರಿಗೆಲ್ಲ ಗೊತ್ತಾಗುತ್ತದೆ. ಗಂಡನಿಗೆ, ಅತ್ತೆಗೆ, ಮಗನ ಶಾಲೆಯ ಮೇಷ್ಟ್ರಿಗೆ ಅದುವರೆಗೆ ಗೊತ್ತಿಲ್ಲದೆ ಇದ್ದಿರಬಹುದು. ಮನೆ ಬಿಟ್ಟು ಹೋದ ಹೆಂಗಸರ ಬಗ್ಗೆ ಆಗ ವರದಿಗಳೂ ಬಂದವು. ತನಿಖಾ ತಂಡ ಒಂದು ಸಹಾಯವಾಣಿ ತೆರೆದು, ಸಂತ್ರಸ್ತೆಯರು ಕಚೇರಿಗೆ ಬರಬೇಕಿಲ್ಲ, ಕರೆ ಮಾಡಿದರೆ ತಾವೇ ಸಂಪರ್ಕಿಸುತ್ತೇವೆ, ಗುರುತು ಗುಟ್ಟಾಗಿರುತ್ತದೆ ಎಂದಿತು. ವಿಡಿಯೊ ಹಂಚಿದವರ ಮೇಲೂ ಕ್ರಮ ಎಂದು ಎಚ್ಚರಿಸಿತು. ಕರೆ ಮಾಡುವ, ಮಾಡದಿರುವ ತೀರ್ಮಾನ ಅವಳ ಕೈಯಲ್ಲಿ ಉಳಿಯಿತು. ನನ್ನ ಮಟ್ಟಿಗೆ ಆ ಇಡೀ ಗದ್ದಲದಲ್ಲಿ ತೆಗೆದುಕೊಂಡ ಅತಿ ಸರಿಯಾದ ನಿಲುವು ಅದು.

ಅಪರಾಧಕ್ಕೆ ಗುರಿಯಾದವರನ್ನು ಬೆಂಬಲಿಸುವುದು ಪುಣ್ಯದ ಕೆಲಸ ಎಂದು ನಾವು ಭಾವಿಸುತ್ತೇವೆ, ಅದು ಹೌದು ಕೂಡ. ಆ ಕೆಲಸದಲ್ಲಿ ಹೆಜ್ಜೆ ಹೆಜ್ಜೆಗೂ ಎದುರಾಗುವ ನೈತಿಕ ಇಕ್ಕಟ್ಟುಗಳು ಹೊರಗಿನವರಿಗೆ ಕಾಣುವುದಿಲ್ಲ. ನೊಂದವರ ಮೇಲೆ ಮೊದಲು ದಬ್ಬಾಳಿಕೆ ಮಾಡಿದವನು ಅವರ ಇಚ್ಛೆಯನ್ನು ಕಾಲಕಸ ಮಾಡಿದ್ದ. ಆಮೇಲೆ ಪೊಲೀಸು, ಡಾಕ್ಟರು, ವಕೀಲರು, ಸಂಘಟನೆಯವರು, ಪತ್ರಕರ್ತರು, ನೆಂಟರು ಬರುತ್ತಾರೆ. ಇವರೆಲ್ಲರೂ ಒಳ್ಳೆಯದನ್ನೇ ಬಯಸುತ್ತಾರೆ ಎಂದಿಟ್ಟುಕೊಳ್ಳೋಣ. ಆದರೂ ನೊಂದವರ ಪರವಾಗಿ ತೀರ್ಮಾನ ಮಾಡುವವರು ಮತ್ತೆ ಬೇರೆಯವರೇ ಆಗುತ್ತಾರೆ. ನೊಂದವರ ತೀರ್ಮಾನವನ್ನು ನೊಂದವರಿಗೇ ಬಿಡುವುದು ಎಷ್ಟು ಕಷ್ಟ ಎನ್ನುವುದರ ಸುತ್ತಲೇ ಈ ಬರಹ.

ಆಸ್ಪತ್ರೆಯ ಆ ನಮೂನೆ

ಒಂದು ಕಾಗದವನ್ನು ಹತ್ತಿರದಿಂದ ನೋಡಿದರೆ ಈ ಇಕ್ಕಟ್ಟು ಸ್ಪಷ್ಟವಾಗುತ್ತದೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ವೈದ್ಯಕೀಯ ತಪಾಸಣೆ ಹೇಗಿರಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2014ರಲ್ಲಿ ಮಾರ್ಗಸೂಚಿ ಹೊರಡಿಸಿತು. ಅದರ ಜೊತೆಗೆ ಒಂದು ನಮೂನೆಯೂ ಇದೆ. ಹೆಸರು, ವಯಸ್ಸು, ಬಂದ ಹೊತ್ತು ಎಲ್ಲ ಬರೆದಾದ ಮೇಲೆ ಒಪ್ಪಿಗೆಯ ಭಾಗ ಬರುತ್ತದೆ. ಅಲ್ಲಿ ಒಂದೇ ಸಹಿ ಹಾಕಿಸಿಕೊಂಡು ಮುಗಿಸುವಂತಿಲ್ಲ. ಚಿಕಿತ್ಸೆಗಾಗಿ ಪರೀಕ್ಷಿಸಲು ಒಪ್ಪಿಗೆ ಇದೆಯೇ, ಕಾನೂನಿನ ಉದ್ದೇಶಕ್ಕೆ ಪರೀಕ್ಷಿಸಲು ಒಪ್ಪಿಗೆ ಇದೆಯೇ, ಮಾದರಿಗಳನ್ನು ಸಂಗ್ರಹಿಸಲು ಒಪ್ಪಿಗೆ ಇದೆಯೇ ಎಂದು ಬೇರೆ ಬೇರೆಯಾಗಿ ಕೇಳಬೇಕು. ಒಂದಕ್ಕೆ ಹೂಂ ಎಂದು ಇನ್ನೊಂದಕ್ಕೆ ಬೇಡ ಎನ್ನುವ ಹಕ್ಕು ಅವಳಿಗಿದೆ. ಬೇಡ ಎಂದಳೆಂದು ಚಿಕಿತ್ಸೆ ನಿರಾಕರಿಸುವಂತಿಲ್ಲ. ಖಾಸಗಿ ಆಸ್ಪತ್ರೆಯೂ ಸೇರಿ ಯಾವುದೇ ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು, ಕೊಡದಿದ್ದರೆ ಅದೇ ಅಪರಾಧ.

ಅದೇ ನಮೂನೆಯ ಕೆಳಗೆ ಇನ್ನೊಂದು ಮಾತಿದೆ. ಕಾನೂನಿನ ಪ್ರಕಾರ ಆಸ್ಪತ್ರೆ ಪೊಲೀಸರಿಗೆ ತಿಳಿಸಬೇಕಾಗುತ್ತದೆ ಎಂಬುದನ್ನು ನನಗೆ ವಿವರಿಸಲಾಗಿದೆ ಎಂದು ಅವಳು ಒಪ್ಪಬೇಕು. ಅದರ ಬೆನ್ನಿಗೇ, ಈ ಮಾಹಿತಿ ಪೊಲೀಸರಿಗೆ ಹೋಗುವುದು ನನಗೆ ಇಷ್ಟವಿದೆ ಅಥವಾ ಇಲ್ಲ ಎಂದು ಗುರುತು ಹಾಕಬೇಕು. ಕಾನೂನು ಹೇಳಲೇಬೇಕು ಎನ್ನುತ್ತದೆ, ನಮೂನೆ ಹೇಳಲೇ ಎಂದು ಕೇಳುತ್ತದೆ. ಎರಡು ಸಾಲುಗಳ ನಡುವೆ ರಾತ್ರಿ ಪಾಳಿಯ ಡಾಕ್ಟರು ಪೆನ್ನು ಹಿಡಿದು ಕೂತಿರುತ್ತಾರೆ. ಹೊರಗೆ ಬೆಂಚಿನ ಮೇಲೆ ಅವಳ ಅಣ್ಣ, "ಬೇಗ ಮುಗಿಸಿ ಡಾಕ್ಟ್ರೇ, ಬೆಳಗಾಗೋದ್ರೊಳಗೆ ಮನೆ ಸೇರ್ಬೇಕು" ಎನ್ನುವುದೂ ಉಂಟು.

ಇಂಥ ಹೊತ್ತಲ್ಲಿ ಸಹಿ ಹಾಕಿಸಿಕೊಳ್ಳುವುದು ಸುಲಭ. ನೋವಲ್ಲಿರುವವಳು ಎಲ್ಲಿ ಹೇಳಿದರೆ ಅಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ಏನನ್ನು ಪರೀಕ್ಷಿಸುತ್ತೇವೆ, ಯಾಕೆ, ಈಗ ಮಾದರಿ ತೆಗೆಯದಿದ್ದರೆ ನಾಳೆ ಏನು ಸಿಗದೆ ಹೋಗಬಹುದು, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ ಎಂದು ಅವಳ ಭಾಷೆಯಲ್ಲಿ, ಅಣ್ಣನನ್ನು ಹೊರಗಿಟ್ಟು ಹೇಳುವುದಕ್ಕೆ ತಾಳ್ಮೆ ಬೇಕು. ಹಾಗೆ ಹೇಳಿದ ಮೇಲೂ ಅವಳು ಬೇಡ ಎಂದರೆ? ಸಾಕ್ಷ್ಯ ಅಳಿಸಿಹೋಗುತ್ತಿದೆ ಎಂದು ಡಾಕ್ಟರಿಗೆ ಗೊತ್ತು. ಒಂದು ಮಾತು ಗಟ್ಟಿಯಾಗಿ ಹೇಳಿದರೆ ಅವಳು ಒಪ್ಪಿಯಾಳು ಎಂಬುದೂ ಗೊತ್ತು. ಆ ಒಂದು ಮಾತು ಹೇಳದಿರುವುದು ಸಣ್ಣ ಸಂಯಮವಲ್ಲ. ಎರಡು ಬೆರಳಿನ ಪರೀಕ್ಷೆ ಎಂಬ ಕ್ರೌರ್ಯ ದಶಕಗಳ ಕಾಲ ನಡೆದದ್ದೂ ಹೀಗೆ ಕೇಳದೆ ಮಾಡುವ ರೂಢಿಯಿಂದಲೇ. ಅದು ಹೆಣ್ಣಿನ ಖಾಸಗಿತನ ಮತ್ತು ಘನತೆಯ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಆದರೂ ನಿಲ್ಲಲಿಲ್ಲವಾದ್ದರಿಂದ, ಇನ್ನು ಮುಂದೆ ಅದನ್ನು ಮಾಡುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಹೇಳಬೇಕಾಯಿತು.

ಮಗುವಿನ ವಿಷಯದಲ್ಲಿ

ವಯಸ್ಕ ಹೆಣ್ಣಿನ ಮಾತು ಇದಾಯಿತು. ಮಗುವಾದರೆ ಲೆಕ್ಕ ಬೇರೆ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ. ಶಾಲೆಯ ಟೀಚರಮ್ಮನಿಗೂ ಇದು ಅನ್ವಯ, ಅಂಗನವಾಡಿ ಕಾರ್ಯಕರ್ತೆಗೂ, ಮನೋವೈದ್ಯರಿಗೂ ಅನ್ವಯ. ಈ ನಿಯಮ ಬೇಕು. ಮನೆಯೊಳಗಿನ ದೊಡ್ಡವರೇ ಕೈ ಹಾಕಿದಾಗ ಮಗುವಿನ ಪರ ಮಾತಾಡಲು ಹೊರಗಿನವರಲ್ಲದೆ ಬೇರೆ ಯಾರಿದ್ದಾರೆ? "ಮಗಳ ಬಾಳು ಹಾಳಾಗುತ್ತೆ, ನಾವು ನಾವೇ ಬಗೆಹರಿಸ್ಕೋತೀವಿ" ಎಂಬ ಮಾತಿನಡಿ ಎಷ್ಟು ಮಕ್ಕಳ ಕೂಗು ಅಡಗಿಹೋಗಿದೆಯೋ.

ಆದರೆ ಮಗು ತನ್ನ ಗುಟ್ಟು ಹೇಳುವುದು ನಂಬಿಕೆಯ ಮೇಲೆ. ಹೇಳುವ ಮೊದಲು ಅದು ಕೇಳುವುದೊಂದೇ: "ಯಾರಿಗೂ ಹೇಳಲ್ಲ ಅಲ್ವಾ?" ಅಲ್ಲಿ ಹೂಂ ಎಂದು ಮಾತು ಹೊರಡಿಸಿ, ಆಮೇಲೆ ಪೊಲೀಸರಿಗೆ ಫೋನ್ ಮಾಡಿದರೆ ಮಗುವಿನ ಪಾಲಿಗೆ ದೊಡ್ಡವರಿಂದ ಆದ ಎರಡನೇ ಮೋಸ ಅದು. ಅನುಭವಿ ಸಮಾಲೋಚಕರು ಮಗು ಬಾಯಿ ಬಿಡುವ ಮೊದಲೇ ತಿಳಿಹೇಳುತ್ತಾರೆ: ನೀನು ಹೇಳಿದ್ದರಲ್ಲಿ ಹೆಚ್ಚಿನದು ನನ್ನಲ್ಲೇ ಇರುತ್ತದೆ, ಆದರೆ ನಿನಗೆ ಯಾರಾದರೂ ನೋವು ಮಾಡುತ್ತಿದ್ದರೆ ಅದನ್ನು ತಡೆಯಲು ಕೆಲವರಿಗೆ ಹೇಳಬೇಕಾಗುತ್ತದೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ. ಇದನ್ನು ಕೇಳಿ ಕೆಲವು ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಆ ಮೌನದ ಬೆಲೆ ತೆತ್ತಾದರೂ ಸುಳ್ಳು ಭರವಸೆ ಕೊಡಬಾರದು ಎಂಬುದೇ ನನ್ನ ನಂಬಿಕೆ. ಒಮ್ಮೆ ಮೋಸಹೋದ ಮಗು ಮತ್ತೆ ಇನ್ನೊಬ್ಬ ದೊಡ್ಡವರ ಹತ್ತಿರ ಸುಳಿಯುವುದು ಕಷ್ಟ.

ಹದಿಹರೆಯದವರಲ್ಲಿ ಈ ನಿಯಮ ಇನ್ನಷ್ಟು ಸಿಕ್ಕಾಗುತ್ತದೆ. ಹದಿನೇಳರ ಹುಡುಗಿ, ಹತ್ತೊಂಬತ್ತರ ಹುಡುಗ, ಇಬ್ಬರ ಒಪ್ಪಿಗೆಯ ಪ್ರೀತಿ. ಹುಡುಗಿ ಗರ್ಭಿಣಿಯಾಗಿ ಆಸ್ಪತ್ರೆಗೆ ಬಂದರೆ ಡಾಕ್ಟರು ಪೊಲೀಸರಿಗೆ ತಿಳಿಸಬೇಕು. ಪೊಲೀಸರ ಭಯಕ್ಕೆ ಆಕೆ ಹಳ್ಳಿಯ ಯಾರೋ ನಾಟಿ ವೈದ್ಯರ ಕೈಗೆ ಸಿಕ್ಕಿ ಪ್ರಾಣಕ್ಕೇ ಕುತ್ತು ತಂದುಕೊಳ್ಳಬಹುದು. ಇದನ್ನು ಮನಗಂಡೇ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ, ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಹೇಳಬೇಕಿಲ್ಲ ಎಂದಿತು. ನಮ್ಮ ಹೈಕೋರ್ಟಿನ ಧಾರವಾಡ ಪೀಠ ಅದೇ ವರ್ಷ, ಇಂಥ ಪ್ರಕರಣಗಳನ್ನು ಗಮನಿಸಿ ಒಪ್ಪಿಗೆಯ ವಯಸ್ಸಿನ ಬಗ್ಗೆ ಮರುಚಿಂತನೆ ನಡೆಸಬೇಕೆಂದು ಕಾನೂನು ಆಯೋಗಕ್ಕೆ ಸೂಚಿಸಿತ್ತು. ಆಯೋಗ 2023ರಲ್ಲಿ ವಯಸ್ಸು ಇಳಿಸುವುದು ಬೇಡ ಎಂದಿತು. 16ರಿಂದ 18ರ ನಡುವಿನವರ ಸಮ್ಮತಿಯ ಪ್ರಕರಣಗಳಲ್ಲಿ ಶಿಕ್ಷೆಯ ಬಗ್ಗೆ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದು ಶಿಫಾರಸು ಮಾಡಿತು.

ಈ ಸಿಕ್ಕು ಎಷ್ಟು ಆಳ ಎಂಬುದನ್ನು ತೋರಿಸಿದ್ದು ಪಶ್ಚಿಮ ಬಂಗಾಳದ ಒಂದು ಪ್ರಕರಣ. 2018ರಲ್ಲಿ 14 ವರ್ಷದ ಹುಡುಗಿಯೊಬ್ಬಳು ಮನೆ ಬಿಟ್ಟು 25ರ ಯುವಕನ ಜೊತೆ ಹೋದಳು, ತಾಯಿಯಾದಳು. ಪೋಕ್ಸೊ ನ್ಯಾಯಾಲಯ ಅವನಿಗೆ 20 ವರ್ಷ ಶಿಕ್ಷೆ ವಿಧಿಸಿತು. ಕಲ್ಕತ್ತಾ ಹೈಕೋರ್ಟ್ 2023ರಲ್ಲಿ ಅವನನ್ನು ಬಿಡುಗಡೆ ಮಾಡುತ್ತ, ಹದಿಹರೆಯದ ಹುಡುಗಿಯರು ತಮ್ಮ ಆಸೆಗಳನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬೇಕೆಂಬ ಉಪದೇಶ ಕೊಟ್ಟಿತು. ಸುಪ್ರೀಂ ಕೋರ್ಟ್ ತಾನಾಗಿಯೇ ಇದನ್ನು ಕೈಗೆತ್ತಿಕೊಂಡು 2024ರ ಆಗಸ್ಟ್‌ನಲ್ಲಿ ಹೈಕೋರ್ಟ್ ತೀರ್ಪು ರದ್ದುಮಾಡಿ ಅಪರಾಧ ಸಾಬೀತಾಗಿದೆ ಎಂದಿತು. ಆಮೇಲೆ ತಜ್ಞರ ಸಮಿತಿಯೊಂದು ಆಕೆಯನ್ನೇ ಕಂಡು ಮಾತಾಡಲಿ ಎಂದು ಆದೇಶಿಸಿತು.

ಸಮಿತಿ ಕಂಡದ್ದೇನು? ಆಕೆಯನ್ನು ಹೆಚ್ಚು ನೋಯಿಸಿದ್ದು ಆ ಘಟನೆಗಿಂತ ಅದರ ನಂತರ ನಡೆದದ್ದು. ಪೊಲೀಸರು, ಕೋರ್ಟಿನ ಅಲೆದಾಟ, ಗಂಡನೆಂದು ನಂಬಿದವನನ್ನು ಬಿಡಿಸಿಕೊಳ್ಳಲು ಮಾಡಿದ ಸಾಲ. ಹೆತ್ತವರು ಕೈಬಿಟ್ಟಿದ್ದರು, ಸಮಾಜ ತೀರ್ಪು ಕೊಟ್ಟಿತ್ತು, ವ್ಯವಸ್ಥೆ ಸೋತಿತ್ತು ಎಂದು ನ್ಯಾಯಾಲಯವೇ ಒಪ್ಪಿಕೊಂಡು 2025ರ ಮೇ 23ರಂದು ಸಂವಿಧಾನದ 142ನೇ ವಿಧಿಯಡಿ ಅವನಿಗೆ ಶಿಕ್ಷೆ ವಿಧಿಸದಿರಲು ತೀರ್ಮಾನಿಸಿತು.

ಇದನ್ನು ಪ್ರೇಮದ ಗೆಲುವು ಎಂದು ಬರೆದವರೂ ಇದ್ದಾರೆ. ನಾನು ಹಾಗೆ ನೋಡಲಾರೆ. 14 ವರ್ಷದ ಮಗುವಿಗೆ ಒಪ್ಪಿಗೆ ಕೊಡುವ ಶಕ್ತಿ ಇಲ್ಲ ಎನ್ನುವ ಕಾನೂನು ಸರಿಯಾಗಿದೆ. ಕಾಯ್ದೆಯ ಪ್ರಕಾರ ಆಕೆಗೆ ಸಿಗಬೇಕಿದ್ದ ಆಸರೆ, ಸಮಾಲೋಚನೆ, ಓದು ಯಾವುದೂ ಆರಂಭದಲ್ಲಿ ಸಿಗಲಿಲ್ಲ. ಸಿಕ್ಕಿದ್ದರೆ ಆಕೆಯ ಮುಂದೆ ಬೇರೆ ದಾರಿಗಳೂ ಇರುತ್ತಿದ್ದವು. ಅವನ ಮನೆಯೊಂದೇ ಆಸರೆಯಾದ ಮೇಲೆ ಅವನನ್ನು ಉಳಿಸಿಕೊಳ್ಳುವುದೇ ಆಕೆಯ ಬದುಕಾಯಿತು. ಪ್ರಕರಣ ದಾಖಲಿಸಿ, ಆರೋಪಪಟ್ಟಿ ಹಾಕಿ, ಶಿಕ್ಷೆ ಕೊಡಿಸಿ ಕರ್ತವ್ಯ ಮುಗಿಯಿತು ಎಂದುಕೊಂಡ ಒಬ್ಬೊಬ್ಬರೂ ಇದರಲ್ಲಿ ಪಾಲುದಾರರು.

ಸಮಾಧಾನ ಹೇಳುವುದಕ್ಕೂ ಮಿತಿ

ಪೋಕ್ಸೊ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಮಗುವಿಗೆ ಒಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸಬಹುದು. ಸಪೋರ್ಟ್ ಪರ್ಸನ್ ಎಂದೇ ಎಲ್ಲರೂ ಕರೆಯುವುದು. ತನಿಖೆಯಿಂದ ತೀರ್ಪಿನವರೆಗೆ ಮಗುವಿನ ಜೊತೆಗಿರುವುದು, ಪ್ರಕರಣ ಎಲ್ಲಿಗೆ ಬಂತೆಂದು ಮನೆಯವರಿಗೆ ತಿಳಿಸುವುದು, ಕೋರ್ಟಿನ ದಿನ ಕೈಹಿಡಿದು ಕರೆದುಕೊಂಡು ಹೋಗುವುದು ಇವರ ಕೆಲಸ. ಇಂಥವರ ನೆರವು ಮಗುವಿಗೆ ಸಿಗುವುದು ಪೋಷಕರ ಮರ್ಜಿಗೆ ಬಿಟ್ಟ ವಿಷಯವಾಗಬಾರದು ಎಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ಹೇಳಿತು.

ಸಾಕ್ಷಿ ಹೇಳುವ ದಿನವನ್ನು ಊಹಿಸಿಕೊಳ್ಳಿ. ಜಿಲ್ಲಾ ನ್ಯಾಯಾಲಯದ ಮೊಗಸಾಲೆ. ಕಪ್ಪು ಕೋಟುಗಳ ಓಡಾಟ, ಜವಾನ ಹೆಸರು ಕೂಗುವ ಸದ್ದು. ಒಂಬತ್ತು ವರ್ಷದ ಹುಡುಗಿ ಯೂನಿಫಾರ್ಮಿನಲ್ಲೇ ಬಂದಿದ್ದಾಳೆ, ಶಾಲೆಗೆ ಹೋಗುತ್ತಿದ್ದೇವೆಂದು ಅಕ್ಕಪಕ್ಕದವರಿಗೆ ಹೇಳಿ ಹೊರಟಿರುವುದರಿಂದ. ಘಟನೆ ನಡೆದು ಎರಡು ವರ್ಷ ದಾಟಿದೆ. ಕೆಲವು ಸಂಗತಿ ಮರೆತಿದ್ದಾಳೆ, ಕೆಲವನ್ನು ಮರೆಯಲು ಯತ್ನಿಸುತ್ತಿದ್ದಾಳೆ. ಸಹಾಯಕಿಯನ್ನು ಕೇಳುತ್ತಾಳೆ: "ಅಕ್ಕಾ, ಅವತ್ತು ಯಾವ ವಾರ ಅಂತ ಕೇಳಿದ್ರೆ ಏನ್ ಹೇಳ್ಲಿ?"

ಉತ್ತರ ಸಹಾಯಕಿಗೆ ಗೊತ್ತು, ಕಡತದಲ್ಲಿದೆ. ಹೇಳಿದರೆ ಮಗುವಿನ ಮುಖದ ಮೇಲಿನ ಗಾಬರಿ ಇಳಿಯುತ್ತದೆ. ಆದರೆ ಹೇಳುವಂತಿಲ್ಲ. ಮಗುವಿಗೆ ಹೇಳಿಕೊಟ್ಟಿದ್ದಾರೆ ಎಂದು ಪಾಟೀಸವಾಲಿನಲ್ಲಿ ಒಮ್ಮೆ ಅನುಮಾನ ಮೂಡಿದರೆ ನಿಜ ಹೇಳಿದ ಮಗುವಿನ ಮಾತೂ ಬಿದ್ದುಹೋಗುತ್ತದೆ. ಆರೋಪಿಗೂ ನ್ಯಾಯಯುತ ವಿಚಾರಣೆಯ ಹಕ್ಕಿದೆ, ಅದನ್ನು ಬದಿಗೊತ್ತಿ ಪಡೆದ ಶಿಕ್ಷೆ ನಿಲ್ಲುವುದಿಲ್ಲ. "ಗೊತ್ತಿದ್ದರೆ ಗೊತ್ತು ಅನ್ನು, ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು, ಅದು ತಪ್ಪಲ್ಲ" ಎಂದಷ್ಟೇ ಹೇಳಿ ನೀರಿನ ಬಾಟಲಿ ಕೈಗೆ ಕೊಡಬೇಕು. ಅಷ್ಟರಲ್ಲಿ ಆರೋಪಿ ಅದೇ ಮೊಗಸಾಲೆಯಲ್ಲಿ ಎದುರಾಗದಂತೆ ನೋಡಿಕೊಳ್ಳಬೇಕು. ಮಗುವಿಗೆ ಆರೋಪಿ ಕಾಣಬಾರದು, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಬರಬೇಕು, ಮತ್ತೆ ಮತ್ತೆ ಕೋರ್ಟಿಗೆ ಕರೆಯಬಾರದು ಎಂದು ಕಾಯ್ದೆ ಹೇಳುತ್ತದೆ. ಅದಕ್ಕೆ ತಕ್ಕ ಪ್ರತ್ಯೇಕ ಸಾಕ್ಷಿ ಕೇಂದ್ರಗಳು ಎಲ್ಲ ಜಿಲ್ಲೆಗಳಲ್ಲೂ ಆಗಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ನಿರ್ದೇಶನ ಕೊಟ್ಟಿದೆ. ಕಟ್ಟಡ ಆಗುವವರೆಗೆ ಈ ಅಕ್ಕನ ಸೆರಗೇ ತೆರೆ.

ಇನ್ನೊಂದು ಸೂಕ್ಷ್ಮವಿದೆ, ಅದರ ಚರ್ಚೆ ನಮ್ಮಲ್ಲಿ ತೀರಾ ಕಡಿಮೆ. ವಕೀಲರಿಗೆ ಕಕ್ಷಿದಾರರು ಹೇಳಿದ ಮಾತಿಗೆ ಕಾನೂನಿನ ರಕ್ಷೆ ಇದೆ, ಅದನ್ನು ಬಹಿರಂಗಪಡಿಸುವಂತೆ ವಕೀಲರನ್ನು ಒತ್ತಾಯಿಸುವಂತಿಲ್ಲ. ಸಾಂತ್ವನ ಕೇಂದ್ರದಲ್ಲಿ ಕೂತ ಆಪ್ತಸಮಾಲೋಚಕಿಗೆ ಆ ಬಗೆಯ ರಕ್ಷೆ ಇಲ್ಲ. ಆಕೆಯನ್ನು ಸಾಕ್ಷಿಯಾಗಿ ಕರೆಯಬಹುದು, ಆಕೆಯ ದಾಖಲೆ ತರಿಸಬಹುದು. ಅತ್ತು ಹಗುರಾಗಲೆಂದು ಆಡಿದ ಮಾತು, ತನ್ನದೇ ತಪ್ಪಿರಬಹುದೇನೋ ಎಂಬ ಅಳುಕು, ಅವನನ್ನು ಮೊದಲು ಇಷ್ಟಪಟ್ಟಿದ್ದೆ ಎಂಬ ನಿವೇದನೆ ಎಲ್ಲವೂ ಆಕೆಯ ದಾಖಲೆ ಪುಸ್ತಕದಲ್ಲಿ ಇರುತ್ತದೆ. ಬರೆಯದೆ ಬಿಡುವುದು ಅಪ್ರಾಮಾಣಿಕತೆ. ಎಲ್ಲವನ್ನೂ ಬರೆದರೆ ನಾಳೆ ಎದುರು ವಕೀಲರಿಗೆ ಆಯುಧ. ನಾನು ಗೌರವಿಸುವ ಸಮಾಲೋಚಕರು ಅನುಸರಿಸುವ ಕ್ರಮ ಸರಳ: ಅವಳ ಮಾತನ್ನು ಅವಳ ಮಾತಿನಲ್ಲೇ ಬರೆ, ನಿನ್ನ ಊಹೆ ಸೇರಿಸಬೇಡ, ಈ ಪುಸ್ತಕ ಎಲ್ಲಿಯವರೆಗೆ ಹೋಗಬಹುದೆಂದು ಮೊದಲ ದಿನವೇ ಅವಳಿಗೆ ಹೇಳು.

ಕೌಟುಂಬಿಕ ದೌರ್ಜನ್ಯದಲ್ಲಿ ಸಮಾಲೋಚನೆ ಎಂದರೆ ಅನೇಕರಿಗೆ ಸಂಸಾರ ಉಳಿಸುವುದು. "ಹೊಂದಿಕೊಂಡು ಹೋಗಮ್ಮ, ಮಕ್ಕಳ ಮುಖ ನೋಡು." ಹೀಗೆ ಹೇಳುವವರಲ್ಲಿ ಕೆಟ್ಟವರು ಕಡಿಮೆ, ಸಂಸಾರ ಮುರಿದರೆ ಆಕೆಗೆ ನೆಲೆಯಿಲ್ಲ ಎಂಬ ಕಾಳಜಿಯೇ ಹೆಚ್ಚು. ಆದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ರಚಿಸಿದ ನಿಯಮಗಳು ಖಡಾಖಂಡಿತವಾಗಿವೆ: ತಾನು ಹೊಡೆದದ್ದು ಯಾಕೆ ಸರಿ ಎಂದು ಸಮರ್ಥಿಸಿಕೊಳ್ಳಲು ಎದುರು ಪಕ್ಷಕ್ಕೆ ಸಮಾಲೋಚನೆಯಲ್ಲಿ ಅವಕಾಶವೇ ಇಲ್ಲ. ಅತ್ಯಾಚಾರದಲ್ಲಂತೂ ರಾಜಿಗೆ ಜಾಗವೇ ಇಲ್ಲ ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿತು. ಲೈಂಗಿಕ ಕಿರುಕುಳದ ಆರೋಪಿ ಸಂತ್ರಸ್ತೆಯಿಂದ ರಾಖಿ ಕಟ್ಟಿಸಿಕೊಳ್ಳಬೇಕೆಂದು ಮಧ್ಯಪ್ರದೇಶ ಹೈಕೋರ್ಟ್ ವಿಧಿಸಿದ್ದ ಜಾಮೀನು ಷರತ್ತನ್ನು ಸುಪ್ರೀಂ ಕೋರ್ಟ್ 2021ರಲ್ಲಿ ರದ್ದುಮಾಡಿತು.

ಕಂಬಾಲಪಲ್ಲಿಯ ನೆನಪು

ಕೊಡಲಾಗದ ಭರವಸೆ ಕೊಡುವುದು ಬೆಂಬಲಕ್ಕೆ ನಿಂತವರು ಮಾಡುವ ದೊಡ್ಡ ತಪ್ಪು. ಕರ್ನಾಟಕದಲ್ಲಿ ಇದರ ಮಾತು ಬಂದಾಗ ನನಗೆ ಕಂಬಾಲಪಲ್ಲಿ ನೆನಪಾಗುತ್ತದೆ. 2000ದ ಮಾರ್ಚ್ 11ರಂದು ಆಗಿನ ಕೋಲಾರ ಜಿಲ್ಲೆಯ ಚಿಂತಾಮಣಿ ತಾಲ್ಲೂಕಿನ ಆ ಹಳ್ಳಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಜೀವಂತ ಸುಡಲಾಯಿತು. ರಾಜ್ಯವೇ ಅಲುಗಾಡಿತು. ಮಂತ್ರಿಗಳು, ಸಂಘಟನೆಗಳು, ಕ್ಯಾಮೆರಾಗಳು ಬಂದವು. ನಾವಿದ್ದೇವೆ, ಹೆದರಬೇಡಿ ಎಂಬ ಮಾತು ಅಲ್ಲಿ ಎಷ್ಟು ಬಾಯಿಗಳಿಂದ ಬಂದಿತ್ತು! ಆಮೇಲೆ ವರ್ಷಗಳು ಉರುಳಿದವು. ಕಣ್ಣಾರೆ ಕಂಡವರು ಕಟಕಟೆಯಲ್ಲಿ ನಿಂತು ತಾವು ಕಂಡಿಲ್ಲ ಎಂದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಹೋಸ್ಟೈಲ್ ಆದರು ಎಂದು ಸಾಕ್ಷಿಗಳನ್ನು ದೂರುವುದು ಸುಲಭ. ಬೆಂಗಳೂರಿನಿಂದ ಬಂದವರು ಸಂಜೆ ಕಾರು ಹತ್ತಿ ಹೊರಡುತ್ತಾರೆ. ಅದೇ ಊರಲ್ಲಿ ನೀರು ಹಿಡಿಯಬೇಕಾದವರು, ಅದೇ ಹೊಲಗಳಿಗೆ ಕೂಲಿಗೆ ಹೋಗಬೇಕಾದವರು ಉಳಿಯುತ್ತಾರೆ. ಧೈರ್ಯ ಹೇಳಿ ಸಾಕ್ಷಿಕಟ್ಟೆ ಹತ್ತಿಸುವವರು, ಆ ಧೈರ್ಯದ ಬೆಲೆಯನ್ನು ಯಾರು ತೆರಬೇಕಾಗುತ್ತದೆ ಎಂಬುದನ್ನೂ ಜೊತೆಗೇ ಹೇಳಬೇಕು. 2014ರ ಆಗಸ್ಟ್‌ನಲ್ಲಿ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ ದಲಿತರ ಮೇಲೆ ನಡೆದ ದಾಳಿಗೆ ಹತ್ತು ವರ್ಷದ ನಂತರ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 101 ಮಂದಿಯನ್ನು ಅಪರಾಧಿಗಳೆಂದು ಸಾರಿ 98 ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಹಾಗಾಗಿ ನ್ಯಾಯ ಸಿಗುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಹತ್ತು ವರ್ಷ ಹಿಡಿಯುತ್ತದೆ, ಆ ಹತ್ತು ವರ್ಷ ಅದೇ ಊರಲ್ಲಿ ಬದುಕಬೇಕು ಎಂಬುದನ್ನು ಮೊದಲೇ ಹೇಳಿದವರೇ ನಿಜವಾದ ಬೆಂಬಲಿಗರು.

ಸಾಕ್ಷಿ ರಕ್ಷಣಾ ಯೋಜನೆ ಎಂಬುದೊಂದು 2018ರಿಂದ ಇದೆ. ಸುಪ್ರೀಂ ಕೋರ್ಟ್ ಆ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಬೆದರಿಕೆ ಇರುವ ಸಾಕ್ಷಿ ಅರ್ಜಿ ಹಾಕಿದರೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಪೊಲೀಸ್ ಅಧಿಕಾರಿಯಿಂದ ಬೆದರಿಕೆಯ ವರದಿ ತರಿಸಿಕೊಂಡು ರಕ್ಷಣೆಗೆ ಆದೇಶ ಮಾಡುತ್ತದೆ. ಕಾವಲು, ಮನೆಗೆ ಸಿಸಿಟಿವಿ, ತಾತ್ಕಾಲಿಕವಾಗಿ ಬೇರೆಡೆ ವಾಸ ಎಲ್ಲಕ್ಕೂ ಅವಕಾಶವಿದೆ. ಒಮ್ಮೆಗೆ ಮೂರು ತಿಂಗಳ ಅವಧಿ. ವಿಚಾರಣೆ ಮೂರು ತಿಂಗಳಲ್ಲಿ ಮುಗಿಯುವುದು ನಮ್ಮಲ್ಲಿ ಯಾವಾಗ? ಆದರೂ ಈ ಅರ್ಜಿ ಎಂಬುದೊಂದಿದೆ ಎಂದು ಹೇಳದೆಯೇ ಸಾಕ್ಷಿ ಹೇಳಲು ಕರೆದೊಯ್ಯುವುದು ಅನ್ಯಾಯ.

ಪರಿಹಾರದ ಹಣವೂ ಇಕ್ಕಟ್ಟಿನದೇ. ಕರ್ನಾಟಕದಲ್ಲಿ 2011ರ ಸಂತ್ರಸ್ತರ ಪರಿಹಾರ ಯೋಜನೆ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಆ್ಯಸಿಡ್ ದಾಳಿಗೆ ಗುರಿಯಾದವರಿಗೆ ಕನಿಷ್ಠ ಮೂರು ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಆದೇಶಿಸಿತ್ತು, ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆ ಮುಖ ವಿರೂಪವಾದವರಿಗೆ ಅದನ್ನು ಏಳರಿಂದ ಎಂಟು ಲಕ್ಷಕ್ಕೇರಿಸಿತು. ಹಕ್ಕಿನ ಹಣ ಇದು. ಆದರೆ ಪಾಟೀಸವಾಲಿನಲ್ಲಿ "ಪರಿಹಾರಕ್ಕಾಗಿ ಸುಳ್ಳು ಕೇಸು ಹಾಕಿದ್ದೀರಿ ಅಂದರೆ ಸರಿಯೇ?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಅದಕ್ಕೆ ಹೆದರಿ ಅರ್ಜಿಯನ್ನೇ ತಡಮಾಡಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು. ಸುಟ್ಟ ಚರ್ಮಕ್ಕೆ ಶಸ್ತ್ರಚಿಕಿತ್ಸೆ ತೀರ್ಪಿಗಾಗಿ ಕಾಯುವುದಿಲ್ಲ.

ಮುಖ, ಹೆಸರು, ಕಥೆ

ಸಂತ್ರಸ್ತೆಯ ಗುರುತು ಬಹಿರಂಗಪಡಿಸಿದರೆ ಎರಡು ವರ್ಷದವರೆಗೆ ಶಿಕ್ಷೆ, ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್. 2018ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಸತ್ತವರ ಹೆಸರನ್ನೂ ಹೇಳಕೂಡದು, ಊರು, ಶಾಲೆ, ನೆಂಟರ ವಿವರದ ಮೂಲಕವೂ ಗುರುತು ಸಿಗಕೂಡದು ಎಂದಿತು. ಆ ವರ್ಷವೇ ಕಠುವಾದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ಮಗುವಿನ ಗುರುತು ಬಯಲು ಮಾಡಿದ ಮಾಧ್ಯಮ ಸಂಸ್ಥೆಗಳು ತಲಾ 10 ಲಕ್ಷ ರೂಪಾಯಿ ಕಟ್ಟುವಂತೆ ದೆಹಲಿ ಹೈಕೋರ್ಟ್ ಮಾಡಿತ್ತು. ಇಷ್ಟಾದರೂ 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದಲ್ಲಿ ಅತ್ಯಾಚಾರಕ್ಕೊಳಗಾಗಿ ಕೊಲೆಯಾದ ವೈದ್ಯೆಯ ಹೆಸರು, ಫೋಟೊಗಳನ್ನು ಜಾಲತಾಣಗಳಿಂದ ತೆಗೆಸಲು ಸುಪ್ರೀಂ ಕೋರ್ಟೇ ಆದೇಶ ಕೊಡಬೇಕಾಯಿತು. ನ್ಯಾಯ ಬೇಕು ಎಂದು ಕೂಗಿದವರ ಮೊಬೈಲುಗಳಿಂದಲೇ ಅವು ಹರಡಿದ್ದವು.

ಹಾಗೆಂದು ಮುಖ ಮರೆಸುವುದೇ ಎಲ್ಲರಿಗೂ ಸರಿ ಎಂದಲ್ಲ. ಕರ್ನಾಟಕದಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲಿ ಆ್ಯಸಿಡ್ ದಾಳಿಯ ವಿರುದ್ಧ ಹೋರಾಟ ಕಟ್ಟಿದಾಗ, ದಾಳಿಗೊಳಗಾದ ಹೆಣ್ಣುಮಕ್ಕಳು ಮುಖ ಮುಚ್ಚದೆ ಬೀದಿಗೆ ಬಂದರು. ತಲೆತಗ್ಗಿಸಬೇಕಾದವಳು ನಾನಲ್ಲ ಎಂಬ ಅವರ ನಿಲುವೇ ಕಾನೂನನ್ನು ಬದಲಿಸಿತು. 2013ರಲ್ಲಿ ಆ್ಯಸಿಡ್ ದಾಳಿ ಪ್ರತ್ಯೇಕ ಅಪರಾಧವಾಯಿತು. ಮುಖ ತೋರಿಸಿದ್ದು ಅವರ ಸ್ವಂತ ತೀರ್ಮಾನ. ಆದರೆ ಅದೇ ಫೋಟೊ ಹತ್ತು ವರ್ಷದ ನಂತರ ಯಾವುದೋ ದೇಣಿಗೆ ಸಂಗ್ರಹದ ಬ್ಯಾನರಿನಲ್ಲಿ, ಇನ್ಯಾರದೋ ಭಾಷಣದ ಹಿಂದಿನ ಪರದೆಯ ಮೇಲೆ ಕಾಣಿಸಿಕೊಂಡರೆ? ಅವಳು ಈಗ ಮದುವೆಯಾಗಿರಬಹುದು, ಮಗು ಶಾಲೆಗೆ ಹೋಗುತ್ತಿರಬಹುದು, ಅಂದಿನ ಗುರುತು ಸಾಕು ಎನಿಸಿರಬಹುದು. ಅಂದು ಕೊಟ್ಟ ಒಪ್ಪಿಗೆ ಇಂದಿಗೂ ಇದೆಯೇ ಎಂದು ಮತ್ತೆ ಕೇಳುವ ಸಂಸ್ಥೆಗಳು ಎಷ್ಟಿವೆ? ಪತ್ರಿಕೆಯಲ್ಲಿ ಬರೆಯುವ ನಾವೂ ಹಳೆಯ ಚಿತ್ರವನ್ನು ಮತ್ತೆ ಪ್ರಕಟಿಸುವಾಗ ಒಂದು ಫೋನ್ ಮಾಡಿ ಕೇಳಬೇಕು.

ಕೇಳುವವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸಾಂತ್ವನ ಕೇಂದ್ರಗಳಲ್ಲಿ, ಸಖಿ ಕೇಂದ್ರಗಳಲ್ಲಿ ದಿನವಿಡೀ ಇಂಥ ಕಥೆ ಕೇಳುವ ಹೆಂಗಸರು ಹೆಚ್ಚಿನವರು ಗುತ್ತಿಗೆಯ ಮೇಲೆ, ಅಲ್ಪ ಗೌರವಧನಕ್ಕೆ ದುಡಿಯುವವರು. ಕೇಳಿದ್ದನ್ನು ಮನೆಯಲ್ಲಿ ಹೇಳುವಂತಿಲ್ಲ. ದಣಿದವರ ಬಾಯಿಂದ "ಹೊಂದಿಕೊಂಡು ಹೋಗಮ್ಮ" ಎಂಬ ಸುಲಭದ ಮಾತು ಬೇಗ ಬರುತ್ತದೆ. ಸಂತ್ರಸ್ತರ ಬಗ್ಗೆ ನಿಜವಾದ ಕಾಳಜಿ ಇರುವ ಸರ್ಕಾರ ಮೊದಲು ಇವರ ಕೆಲಸ ಖಾಯಂ ಮಾಡಲಿ, ಇವರ ಮಾತು ಕೇಳಲು ಒಬ್ಬ ಹಿರಿಯ ಸಮಾಲೋಚಕರನ್ನು ನೇಮಿಸಲಿ.

ಕಾನೂನು ನಿಧಾನವಾಗಿಯಾದರೂ ನೊಂದವರ ಕಡೆ ತಿರುಗುತ್ತಿದೆ. ಖುಲಾಸೆಯ ವಿರುದ್ಧ ಮೇಲ್ಮನವಿ ಹಾಕಲು ಸಂತ್ರಸ್ತರು ಯಾರ ಅನುಮತಿಯನ್ನೂ ಕೇಳಬೇಕಿಲ್ಲ ಎಂಬ ಸುಪ್ರೀಂ ಕೋರ್ಟಿನ 2018ರ ಅಕ್ಟೋಬರ್ ತೀರ್ಪು ಬಂದದ್ದು ನಮ್ಮದೇ ರಾಜ್ಯದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ. ತೀರ್ಪು ಬರುವ ಹೊತ್ತಿಗೆ ಸಂತ್ರಸ್ತರಾದ ಕೊಡಗಲಿ ಬದುಕಿರಲಿಲ್ಲ, ವಾರಸುದಾರರು ಮುಂದುವರಿಸಿದ್ದರು. ತನಿಖೆಯ ಹಂತದಿಂದಲೇ ಸಂತ್ರಸ್ತರ ಮಾತು ಕೇಳಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತನಿಖೆ ಎಲ್ಲಿಗೆ ಬಂತೆಂದು 90 ದಿನಗಳೊಳಗೆ ಪೊಲೀಸರು ತಿಳಿಸಬೇಕೆಂದು 2024ರ ಜುಲೈನಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ಪೊಲೀಸರು ತಾವಾಗಿ ತಿಳಿಸದಿದ್ದರೆ ಠಾಣೆಗೆ ಹೋಗಿ ಕೇಳಿ, ಅದು ನಿಮ್ಮ ಹಕ್ಕು.

ಓದುವ ನಿಮ್ಮಲ್ಲಿ ಒಂದು ಕೋರಿಕೆ. ಯಾರಾದರೂ ತಮಗಾದದ್ದನ್ನು ನಿಮ್ಮ ಬಳಿ ಹೇಳಿಕೊಂಡರೆ ಅವರನ್ನು ಕೇಳದೆ ಇನ್ನೊಬ್ಬರಿಗೆ ಹೇಳಬೇಡಿ, ಅವರ ಪರವಾಗಿ ಕೇಸು ಹಾಕುವ ಅಥವಾ ಹಾಕದಿರುವ ತೀರ್ಮಾನ ಮಾಡಬೇಡಿ. ಹೇಳಿಕೊಂಡದ್ದು ಮಗುವಾದರೆ ಮಾತ್ರ ತಡಮಾಡದೆ 1098ಕ್ಕೆ ಕರೆ ಮಾಡಿ, ಸಹಾಯಕ ವ್ಯಕ್ತಿ ಬೇಕೆಂದು ಮಕ್ಕಳ ಕಲ್ಯಾಣ ಸಮಿತಿಯನ್ನು ಕೇಳಿ. ಮಹಿಳೆಯರಿಗೆ 181, ಉಚಿತ ಕಾನೂನು ನೆರವಿಗೆ 15100. ನಿಮ್ಮ ಮೊಬೈಲಿಗೆ ಯಾರದಾದರೂ ಇಂಥ ವಿಡಿಯೊ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದರೆ ನೀವೂ ಆರೋಪಿ.